ಖಾಲಿ ಹಾಳೆ ಕೊಡುವ ಯಂತ್ರದ ಚರಿತ್ರೆ

ಮಗಳ ಶಾಲೆಯ ಪ್ರಾಜೆಕ್ಟ್ ನಾಳೆ ಬೆಳಿಗ್ಗೆ ಕೊಡಬೇಕು. ರಾತ್ರಿ ಒಂಬತ್ತಕ್ಕೆ ಮನೆಯ ಪ್ರಿಂಟರ್ ನೆನಪಾಗುತ್ತದೆ. ತಿಂಗಳುಗಟ್ಟಲೆ ಯಾರೂ ಮುಟ್ಟದ ಯಂತ್ರ. ಸ್ವಿಚ್ ಹಾಕಿದರೆ ದೀಪ ಹೊತ್ತಿಕೊಳ್ಳುತ್ತದೆ, ಒಳಗೆ ಏನೋ ಅತ್ತಿಂದಿತ್ತ ಓಡಾಡುತ್ತದೆ, ಹಾಳೆಯೊಂದನ್ನು ಎಳೆದುಕೊಂಡು ಅಚ್ಚುಕಟ್ಟಾಗಿ ಹೊರಗೆ ಬಿಡುತ್ತದೆ. ಹಾಳೆಯ ಮೇಲೆ ಮಾತ್ರ ಏನೂ ಇಲ್ಲ. ಕಂಪ್ಯೂಟರಿನ ಪರದೆಯಲ್ಲಿ ದೂರಿಲ್ಲ, ಕೆಂಪು ದೀಪವಿಲ್ಲ. ಯಂತ್ರದ ಲೆಕ್ಕದಲ್ಲಿ ಕೆಲಸ ಮುಗಿದಿದೆ.

ಪ್ರಿಂಟರ್ ಕೆಟ್ಟಿತು ಎಂದು ಮನೆಯವರು ಅನ್ನುವುದು ಸಹಜ. ಆದರೆ ಇಂಕ್‌ಜೆಟ್‌ನ ಹಿಂದುಮುಂದು ಬಲ್ಲವರಿಗೆ ಇದು ಹೊಸ ಕೆಡುಕಲ್ಲ, ಆ ತಂತ್ರ ಹುಟ್ಟಿದಂದಿನಿಂದ ಅದರ ಬೆನ್ನು ಬಿಡದ ಕಾಟ. ಇಂಕ್ ಚಿಮ್ಮುವ ರಂಧ್ರಕ್ಕೂ ಹಾಳೆಗೂ ನಡುವೆ ಇರುವುದು ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಆ ಒಂದು ಮಿಲಿಮೀಟರಿನ ಆಚೆ ಇಂಕ್ ತಕ್ಷಣ ಒಣಗಬೇಕು, ಇಲ್ಲದಿದ್ದರೆ ಅಕ್ಷರ ಕಲಸಿಹೋಗುತ್ತದೆ. ಈಚೆ ವಾರಗಟ್ಟಲೆ ಒಣಗಬಾರದು, ಒಣಗಿದರೆ ರಂಧ್ರ ಕಟ್ಟಿಕೊಳ್ಳುತ್ತದೆ. ಒಂದೇ ದ್ರವ ಎರಡೂ ಗುಣ ತೋರಿಸಬೇಕು. ಈ ಅಸಾಧ್ಯವನ್ನು ಸಾಧಿಸಲು ಸ್ವೀಡನ್, ಅಮೆರಿಕ, ಜರ್ಮನಿ, ಜಪಾನಿನ ಎಂಜಿನಿಯರುಗಳು ಒಂದಾದ ಮೇಲೊಂದು ಉಪಾಯ ಹೂಡಿದರು. ಯಾವ ಉಪಾಯವೂ ಒಣಗುವಿಕೆಯನ್ನು ಪೂರ್ತಿ ಗೆಲ್ಲಲಿಲ್ಲ. ಅದರ ಖರ್ಚನ್ನು ಒಬ್ಬರ ತಲೆಯಿಂದ ಇಳಿಸಿ ಇನ್ನೊಬ್ಬರ ತಲೆಗೆ ಕಟ್ಟಿದವು, ಅಷ್ಟೆ.

ಪೆನ್ನು ತಾಗಿಸದೆ ಇಂಕಿನಲ್ಲಿ ಬರೆಯುವ ಯೋಚನೆ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. 1866ರಲ್ಲಿ ಅಟ್ಲಾಂಟಿಕ್ ಸಾಗರದಡಿಯ ಟೆಲಿಗ್ರಾಫ್ ಕೇಬಲ್ ಕೊನೆಗೂ ನೆಲೆ ನಿಂತಿತು. ಆದರೆ ಇನ್ನೊಂದು ತುದಿಗೆ ತಲುಪುತ್ತಿದ್ದ ವಿದ್ಯುತ್ ಎಷ್ಟು ಕ್ಷೀಣವೆಂದರೆ, ಪೆನ್ನಿನ ಮೊನೆ ಕಾಗದಕ್ಕೆ ಉಜ್ಜಿದ ಘರ್ಷಣೆಯೊಂದೇ ಸಂಕೇತವನ್ನು ನುಂಗಿಹಾಕಲು ಸಾಕಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1867ರಲ್ಲಿ ಇದಕ್ಕೆಂದೇ ಸೈಫನ್ ರೆಕಾರ್ಡರ್ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದರಲ್ಲಿ ಪೆನ್ನಿನ ಬದಲು ತೀರ ಸಪೂರವಾದ ಗಾಜಿನ ಕೊಳವೆ. ಇಂಕಿಗೆ ವಿದ್ಯುದಾವೇಶ ಕೊಟ್ಟರೆ ಅದು ಕೊಳವೆಯ ತುದಿಯಿಂದ ಕೆಳಗೆ ಓಡುತ್ತಿದ್ದ ಕಾಗದದ ಪಟ್ಟಿಯ ಮೇಲೆ ತಾನಾಗಿ ಹಾರಿ ಬೀಳುತ್ತಿತ್ತು. ಸಮುದ್ರ ಕೇಬಲ್ಲಿನ ಕಚೇರಿಗಳಲ್ಲಿ ದಶಕಗಳ ಕಾಲ ಸುದ್ದಿಯನ್ನು ಅಲೆಅಲೆಯಾದ ಗೆರೆಯಲ್ಲಿ ಬರೆದುಕೊಟ್ಟದ್ದು ಈ ಯಂತ್ರ. 1870ರ ದಶಕದ ಕೊನೆಯಲ್ಲಿ ಲಾರ್ಡ್ ರೇಲಿ ದ್ರವದ ಧಾರೆ ಏಕೆ ಹನಿಗಳಾಗಿ ಒಡೆಯುತ್ತದೆ ಎನ್ನುವುದರ ಗಣಿತವನ್ನೂ ಬಿಡಿಸಿಟ್ಟರು. ಆ ಗಣಿತಕ್ಕೆ ತಕ್ಕ ಯಂತ್ರ ಬರಲು ಮುಕ್ಕಾಲು ಶತಮಾನ ಹಿಡಿಯಿತು.

ಬಂದದ್ದು ಆಫೀಸಿಗಲ್ಲ, ಆಸ್ಪತ್ರೆಗೆ. ಸ್ವೀಡನ್ನಿನ ರೂನ್ ಎಲ್ಮ್‌ಕ್ವಿಸ್ಟ್ ವೈದ್ಯಕೀಯ ಓದಿ ಎಂಜಿನಿಯರ್ ಆದವರು. ಹೃದಯದ ಬಡಿತ ದಾಖಲಿಸುವ ಇಸಿಜಿ ಯಂತ್ರದ ಮುಳ್ಳು ಕಾಗದಕ್ಕೆ ಉಜ್ಜಿ ನಿಧಾನವಾಗುವುದು ಅವರಿಗೆ ತಲೆನೋವಾಗಿತ್ತು. ಸಪೂರ ಗಾಜಿನ ನಾಜಲ್‌ಗೆ ಪುಟ್ಟ ಅಯಸ್ಕಾಂತ ಅಂಟಿಸಿ, ಅದನ್ನು ವಿದ್ಯುತ್ತಿನಿಂದ ಅತ್ತಿತ್ತ ತಿರುಗಿಸುತ್ತ, ಒತ್ತಡದಲ್ಲಿ ಇಂಕ್ ಧಾರೆ ಹಾಯಿಸಿದರು. 1951ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಮಿಂಗೊಗ್ರಾಫ್ ಎಂಬ ಹೆಸರಲ್ಲಿ ಯಂತ್ರ ಮಾರುಕಟ್ಟೆಗೂ ಬಂತು. ಇದೇ ಎಲ್ಮ್‌ಕ್ವಿಸ್ಟ್ 1958ರಲ್ಲಿ ದೇಹದೊಳಗೆ ಇಡುವ ಮೊದಲ ಪೇಸ್‌ಮೇಕರ್ ಕಟ್ಟಿದರು, ಅದನ್ನು ಎರಕ ಹೊಯ್ಯಲು ಶೂ ಪಾಲಿಶ್ ಡಬ್ಬಿಯನ್ನೇ ಅಚ್ಚಾಗಿ ಬಳಸಿದರು. ಅದೇ ದೇಶದ ಲುಂಡ್ ನಗರದಲ್ಲಿ ಇಂಕ್ ಧಾರೆಯ ಮೇಲೆ ಕೆಲಸ ಮಾಡಿದ ಕಾರ್ಲ್ ಹೆಲ್ಮುತ್ ಹರ್ಟ್ಸ್ ಕೂಡ ಹೃದಯದ ಹಿಂದೆಯೇ ಬಿದ್ದವರು. ಅವರೂ ವೈದ್ಯ ಇಂಗೆ ಎಡ್ಲರ್ ಅವರೂ 1953ರಲ್ಲಿ ಅಲ್ಟ್ರಾಸೌಂಡಿನಿಂದ ಹೃದಯ ನೋಡುವ ವಿಧಾನ ಕಂಡುಹಿಡಿದಿದ್ದರು. ಇಂದು ಎಕೋ ಮಾಡಿಸಿ ಬನ್ನಿ ಎಂದು ಡಾಕ್ಟರು ಹೇಳುವುದು ಅದನ್ನೇ.

ಹನಿಯನ್ನು ಹೇಳಿದ ಕಡೆ ಬೀಳಿಸುವ ಕೆಲಸ ಕೈಗೂಡಿದ್ದು 1960ರ ದಶಕದಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಸ್ವೀಟ್ ಅವರಿಂದ. ಇಂಕ್ ಧಾರೆಯನ್ನು ಲಯಬದ್ಧವಾಗಿ ನಡುಗಿಸಿದರೆ ಅದು ಸಮಗಾತ್ರದ ಹನಿಗಳಾಗಿ ಒಡೆಯುತ್ತದೆ. ಬೇಕಾದ ಹನಿಗೆ ವಿದ್ಯುದಾವೇಶ ಕೊಟ್ಟು ಎರಡು ಫಲಕಗಳ ನಡುವೆ ಹಾಯಿಸಿದರೆ ಬೇಕಾದಷ್ಟು ಬಾಗುತ್ತದೆ. ಬೇಡದ ಹನಿಗಳು ನೇರ ಹೋಗಿ ಒಂದು ಕಾಲುವೆಗೆ ಬಿದ್ದು ಮತ್ತೆ ಟ್ಯಾಂಕಿಗೆ ಸೇರುತ್ತವೆ. ಇಲ್ಲಿ ಗಮನಿಸಬೇಕಾದ ಜಾಣತನ ಇದು: ಯಂತ್ರ ನಡೆಯುವಷ್ಟು ಹೊತ್ತೂ ಇಂಕ್ ಹರಿಯುತ್ತಲೇ ಇರುತ್ತದೆ, ರಂಧ್ರಕ್ಕೆ ಒಣಗಲು ಪುರುಸೊತ್ತೇ ಇಲ್ಲ. ನೀರಿನ ಬಾಟಲಿ, ತಂಪು ಪಾನೀಯದ ಕ್ಯಾನುಗಳ ಮೇಲೆ ಚುಕ್ಕಿಚುಕ್ಕಿಯಾಗಿ ಕಾಣುವ ತಯಾರಿಕೆಯ ದಿನಾಂಕವನ್ನು ಇಂದಿಗೂ ಬಹುತೇಕ ಈ ಬಗೆಯ ಯಂತ್ರಗಳೇ ಹೊಡೆಯುತ್ತವೆ. ಪ್ಲಾಸ್ಟಿಕ್ಕಿನ ಮೇಲೂ ಕ್ಷಣಾರ್ಧದಲ್ಲಿ ಒಣಗುವ, ಘಾಟು ವಾಸನೆಯ ದ್ರಾವಕದ ಇಂಕ್ ಅದರದ್ದು. ಆ ದ್ರಾವಕ ಆವಿಯಾಗಿ ಇಂಕ್ ಗಟ್ಟಿಯಾಗುತ್ತದೆಂದು ಕಾರ್ಖಾನೆಯವರು ಆಗಾಗ ದ್ರಾವಕ ಸುರಿಯುತ್ತಲೂ ಇರಬೇಕು. ಪಂಪು, ಫಿಲ್ಟರು, ಮರಳಿ ಸೇರಿಸುವ ಕೊಳವೆ ಎಲ್ಲ ಸೇರಿದ ಅಂಥ ಯಂತ್ರವನ್ನು ಓದುವ ಮೇಜಿನ ಮೇಲಿಡಲು ಸಾಧ್ಯವಿರಲಿಲ್ಲ. 1976ರಲ್ಲಿ ಐಬಿಎಂ ಇದೇ ತತ್ವದ 6640 ಎಂಬ ಆಫೀಸ್ ಪ್ರಿಂಟರ್ ತಂದಿತು. ಅದು ದೊಡ್ಡ ಆಫೀಸಿನ ಸಾಮಾನಾಗಿಯೇ ಉಳಿಯಿತು.

ಮನೆಗೆ ಬರುವ ಪ್ರಿಂಟರ್ ಚಿಕ್ಕದಾಗಬೇಕಾದರೆ ಹರಿಯುವ ಇಂಕ್ ನಿಲ್ಲಬೇಕಿತ್ತು. ಬೇಕಾದಾಗ ಮಾತ್ರ ಒಂದು ಹನಿ, ಉಳಿದ ಹೊತ್ತು ಸುಮ್ಮನೆ. ಹೀಗೆ ನಿಲ್ಲಿಸಿದ ಗಳಿಗೆಯಲ್ಲೇ ಒಣಗುವ ಕಾಟ ಮನೆ ಹೊಕ್ಕಿತು ಅನ್ನಬೇಕು. 1970ರ ದಶಕದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಸ್ಟೀವನ್ ಝೋಲ್ಟನ್, ಸ್ವೀಡನ್ನಿನಲ್ಲಿ ಸ್ಟೆಮ್ಮೆ ಮೊದಲಾದವರು ಪೀಜೋ ತುಣುಕುಗಳನ್ನು ಬಳಸಿ ಇದನ್ನು ಸಾಧಿಸಿದರು. ವಿದ್ಯುತ್ ಕೊಟ್ಟರೆ ಪೀಜೋ ವಸ್ತು ಕಣ್ಣಿಗೆ ಕಾಣದಷ್ಟು ಆಕಾರ ಬದಲಿಸುತ್ತದೆ. ಆ ಒತ್ತಿಗೆ ಪಕ್ಕದ ಕೋಣೆಯಲ್ಲಿರುವ ಇಂಕ್ ಒಂದು ಹನಿಯಾಗಿ ಹೊರಗೆ ಜಿಗಿಯುತ್ತದೆ. ಸೀಮೆನ್ಸ್ ಕಂಪನಿ 1977ರಲ್ಲಿ ತಂದ ಪಿಟಿ-80 ಇದರಲ್ಲಿ ಗೆದ್ದ ಮೊದಲ ಯಂತ್ರ. ಅದಕ್ಕಿದ್ದದ್ದು ಹನ್ನೆರಡು ರಂಧ್ರ.

ಅದೇ ವರ್ಷ ಜಪಾನಿನ ಕ್ಯಾನನ್ ಪ್ರಯೋಗಶಾಲೆಯಲ್ಲಿ ಆದ ಘಟನೆಯನ್ನು ಇಂಕ್‌ಜೆಟ್ ಉದ್ಯಮದವರು ಪುರಾಣದಂತೆ ಹೇಳುತ್ತಾರೆ. ಇಚಿರೊ ಎಂಡೊ ಅವರ ತಂಡದ ಮೇಜಿನ ಮೇಲೆ ಇಂಕ್ ತುಂಬಿದ ಸಿರಿಂಜ್ ಇತ್ತು. ಕಾದ ಸಾಲ್ಡರಿಂಗ್ ಕಡ್ಡಿ ಅಕಸ್ಮಾತ್ ಅದರ ಸೂಜಿಗೆ ತಗುಲಿತು. ಸೂಜಿಯ ತುದಿಯಿಂದ ಇಂಕ್ ಚಿಮ್ಮಿತು. ಶಾಖವೇ ಪಿಚಕಾರಿ ಒತ್ತಬಲ್ಲದು ಎಂಬುದು ಹೀಗೆ ಹೊಳೆಯಿತು. ಒಂದೆರಡು ವರ್ಷಗಳೊಳಗೆ, ಇದರ ಸುಳಿವಿಲ್ಲದೆಯೇ, ಕ್ಯಾಲಿಫೋರ್ನಿಯಾದ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಶಾಲೆಯಲ್ಲಿ ಜಾನ್ ವಾಟ್ ಮತ್ತು ಡೇವ್ ಡೊನಾಲ್ಡ್ ಅದೇ ಜಾಗಕ್ಕೆ ಬಂದು ತಲುಪಿದ್ದರು. ವಾಟ್ ಅವರಿಗೆ ದಾರಿ ತೋರಿಸಿದ್ದು ಕಾಫಿ ಪರ್ಕೊಲೇಟರ್: ಅದರ ತಳದಲ್ಲಿ ಕುದಿದ ನೀರು ಗುಳ್ಳೆಯ ಒತ್ತಡಕ್ಕೆ ಕೊಳವೆಯಲ್ಲಿ ಮೇಲೇರುತ್ತದೆ. ಎರಡೂ ಕಂಪನಿಗಳು ಮುಂದೆ ಕಚ್ಚಾಡದೆ ತಂತ್ರವನ್ನು ಹಂಚಿಕೊಂಡವು.

ಈ ಬಿಸಿ ವಿಧಾನದ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಂಧ್ರದ ಹಿಂದೆ ಒಂದು ಪುಟಾಣಿ ವಿದ್ಯುತ್ ಒಲೆ. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಅದು 300 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯುತ್ತದೆ. ಅದಕ್ಕೆ ತಾಗಿದ ಇಂಕಿನ ತೆಳು ಪದರ ಒಮ್ಮೆಲೇ ಆವಿಯಾಗಿ ಗುಳ್ಳೆ ಉಬ್ಬುತ್ತದೆ, ಮುಂದಿದ್ದ ಇಂಕನ್ನು ಹೊರಕ್ಕೆ ನೂಕುತ್ತದೆ, ಕುಸಿಯುತ್ತದೆ. ಖಾಲಿಯಾದ ಜಾಗಕ್ಕೆ ಹಿಂದಿನಿಂದ ಹೊಸ ಇಂಕ್ ತುಂಬಿಕೊಳ್ಳುತ್ತದೆ. ಒಂದು ಸೆಕೆಂಡಿನಲ್ಲಿ ಇದು ಸಾವಿರಾರು ಸಲ. ಇಂಥ ಒಲೆಯ ಮೇಲೆ, ಅಡಿ ಹಿಡಿದ ಹಾಲಿನಂತೆ, ಸುಟ್ಟ ಬಣ್ಣದ ಪದರ ಕೂರುವುದೂ ಉಂಟು. ಇಂಕ್ ಇಲ್ಲದೆ ಒಲೆ ಉರಿದರೆ ಒಲೆಯೇ ಸುಟ್ಟುಹೋಗುತ್ತದೆ. ಹಾಗಾಗಿ ರಂಧ್ರ, ಒಲೆಗಳಿರುವ ಈ ಹೆಡ್ ಹೆಚ್ಚು ಕಾಲ ಬಾಳುವುದಲ್ಲ ಎಂದು ಮಾಡಿದವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಹ್ಯೂಲೆಟ್ ಪ್ಯಾಕರ್ಡ್‌ನ ಎಂಜಿನಿಯರುಗಳು ಅದಕ್ಕೆ ಕಂಡುಕೊಂಡ ಮದ್ದು ಇಡೀ ಉದ್ಯಮದ ದಿಕ್ಕನ್ನೇ ಬದಲಿಸಿತು. ಬಾಳಿಕೆ ಬರುವ ಹೆಡ್ ಮಾಡಲು ಹೆಣಗುವುದೇಕೆ, ಇಂಕ್ ಮುಗಿದಾಗ ಹೆಡ್ಡನ್ನೂ ಬಿಸಾಡಿದರಾಯಿತು. ರಂಧ್ರ, ಒಲೆ, ಇಂಕ್ ಎಲ್ಲವನ್ನೂ ಕಾರ್ಟ್ರಿಜ್ ಎಂಬ ಒಂದೇ ಡಬ್ಬಿಯಲ್ಲಿ ಕೂರಿಸಿದರು. ಆರೆಗಾನ್ ರಾಜ್ಯದ ಕೊರ್ವಾಲಿಸ್ ಘಟಕದಲ್ಲಿ ಹೀಗೆ ಸಿದ್ಧವಾದ ಥಿಂಕ್‌ಜೆಟ್ 1984ರಲ್ಲಿ 495 ಡಾಲರಿಗೆ ಮಾರುಕಟ್ಟೆಗೆ ಬಂತು. ಇಂಚಿಗೆ 96 ಚುಕ್ಕಿಯ ಒರಟು ಅಕ್ಷರ, ಹನ್ನೆರಡೇ ರಂಧ್ರ, ಅದಕ್ಕೆಂದೇ ಮಾಡಿದ ಕಾಗದ ಹಾಕದಿದ್ದರೆ ಇಂಕ್ ಹರಡಿಕೊಳ್ಳುತ್ತಿತ್ತು. ಆ ಕಾರ್ಟ್ರಿಜ್‌ನ ಒಳಗೆ ಇಂಕ್ ತುಂಬಿದ ರಬ್ಬರ್ ಚೀಲ, ಬೆನ್ನಿಗೊಂದು ತೂತು. ರಂಧ್ರ ಕಟ್ಟಿಕೊಂಡರೆ ಆ ತೂತಿನೊಳಗೆ ಪೆನ್ನೋ ಪೆನ್ಸಿಲ್ಲೋ ತೂರಿಸಿ ಚೀಲವನ್ನು ಮೆಲ್ಲಗೆ ಒತ್ತಬೇಕು. ಮುಂದಿನ ರಂಧ್ರಗಳಲ್ಲಿ ಇಂಕ್ ಒಸರಿದ ಮೇಲೆ ಒರೆಸಿ ಹಾಕಬೇಕು. ಅಂದರೆ ಮೊದಲ ಯಂತ್ರದಲ್ಲೇ ಖಾಲಿ ಹಾಳೆ ಬಂದಾಗ ಏನು ಮಾಡಬೇಕೆಂದು ಯೋಚಿಸಿಯೇ ಮಾರಿದ್ದರು. ಬಳಸುವವರ ಬೆರಳಿಗೆ ಒಪ್ಪಿಸಿದ್ದ ಆ ಕೆಲಸವನ್ನು ಮುಂದಿನ ಯಂತ್ರಗಳು ತಾವೇ ವಹಿಸಿಕೊಂಡವು.

1988ರ ಡೆಸ್ಕ್‌ಜೆಟ್‌ನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಸುಮಾರು 1000 ಡಾಲರ್ ಬೆಲೆ, 50 ರಂಧ್ರ, ಇಂಚಿಗೆ 300 ಚುಕ್ಕಿ, ಸಾದಾ ಕಾಗದ. ಲೇಸರ್ ಪ್ರಿಂಟರಿನ ಅಂದಕ್ಕೆ ಅದರ ಅರ್ಧದಷ್ಟು ದುಡ್ಡು. ಜಾಹೀರಾತಿನಲ್ಲಿ ಕಾಣದ ಸಂಗತಿ ಯಂತ್ರದ ಬಲಮೂಲೆಯಲ್ಲಿತ್ತು. ಅಲ್ಲೊಂದು ರಬ್ಬರ್ ಮುಚ್ಚಳ, ಒಂದು ಒರೆಸುವ ಪಟ್ಟಿ, ಇಂಕ್ ಹೀರುವ ಪಂಪು. ಕೆಲಸ ಮುಗಿದೊಡನೆ ಹೆಡ್ ಆ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ, ರಂಧ್ರಗಳಿಗೆ ಗಾಳಿ ಆಡುವುದಿಲ್ಲ. ಮುದ್ರಿಸುವ ಮುನ್ನ ಅಲ್ಲೇ ಒಂದೆರಡು ಹನಿ ಉಗುಳಿ ಬಾಯಿ ತೊಳೆದುಕೊಳ್ಳುತ್ತದೆ. ಇಂದಿನ ಪ್ರತಿ ಮನೆಯ ಇಂಕ್‌ಜೆಟ್‌ನಲ್ಲೂ ಈ ಮೂಲೆ ಇದೆ. ಪ್ರಿಂಟರಿನ ಅತಿ ಮುಖ್ಯ ಭಾಗ ಯಾವುದೆಂದು ರಿಪೇರಿಯವರನ್ನು ಕೇಳಿದರೆ ಅವರು ಬಹುಶಃ ಇದನ್ನೇ ತೋರಿಸಿಯಾರು.

ಎಪ್ಸನ್ ಬೇರೆ ದಾರಿ ಹಿಡಿಯಿತು. ಪೀಜೋ ಹೆಡ್ಡಿನಲ್ಲಿ ಒಲೆಯಿಲ್ಲ, ಸುಡುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಮಾಡಲು ದುಬಾರಿ, ಬಿಸಾಡಲಾಗದು. ಹಾಗಾಗಿ 1993ರ ಸ್ಟೈಲಸ್ 800ರಿಂದ ಆಚೆಗೆ ಹೆಡ್ ಯಂತ್ರದಲ್ಲೇ ಶಾಶ್ವತವಾಗಿ ಉಳಿಯಿತು, ಇಂಕ್ ಡಬ್ಬಿ ಮಾತ್ರ ಬದಲಾಗುತ್ತಿತ್ತು. ಇದಕ್ಕೆ ಇರುವ ಶತ್ರು ಗಾಳಿ. ಹೆಡ್ಡಿನೊಳಗೆ ಒಂದು ಗಾಳಿಗುಳ್ಳೆ ಸೇರಿಕೊಂಡರೆ ಪೀಜೋ ಒತ್ತಿದ್ದನ್ನೆಲ್ಲ ಆ ಗುಳ್ಳೆಯೇ ಕುಗ್ಗಿ ನುಂಗುತ್ತದೆ. ಹನಿ ಹೊರಗೆ ಬರುವುದಿಲ್ಲ. ಹೆಡ್ ಒಣಗದಿರಲೆಂದು ಡಬ್ಬಿಯ ತಳದಲ್ಲಿ ಇಂಕ್ ಉಳಿದಿರುವಾಗಲೇ ಮುಗಿಯಿತು ಎಂದು ಯಂತ್ರ ಹೇಳತೊಡಗಿತು. ಅಮೆರಿಕದ ಗ್ರಾಹಕರು ನಮ್ಮ ದುಡ್ಡಿನ ಇಂಕ್ ನಮಗೇ ಸಿಗುತ್ತಿಲ್ಲ ಎಂದು ಕೋರ್ಟಿಗೆ ಹೋದರು. 2006ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ಡೆಸ್ಕ್‌ಜೆಟ್, ಸ್ಟೈಲಸ್ ಬಂದ ವರ್ಷಗಳು ಕರ್ನಾಟಕದ ಆಫೀಸುಗಳಲ್ಲಿ ಡಾಟ್ ಮ್ಯಾಟ್ರಿಕ್ಸ್‌ನ ಕಾಲ. ಬ್ಯಾಂಕು, ಬಸ್ ಡಿಪೊ, ವಿದ್ಯುತ್ ಬಿಲ್ಲಿನ ಕೌಂಟರು, ಎಲ್ಲೆಲ್ಲೂ ಅದರ ಕಿರುಚು. ಆ ಯಂತ್ರದ ರಿಬ್ಬನ್ ಒಂದೇ ರಾತ್ರಿಯಲ್ಲಿ ಕೈಕೊಡುವುದಿಲ್ಲ: ಅಕ್ಷರ ದಿನದಿನವೂ ಮಸುಕಾಗುತ್ತ ಬರುತ್ತದೆ, ಗುಮಾಸ್ತರು ಇನ್ನೊಂದು ವಾರ ತಳ್ಳಬಹುದು ಎಂದು ಅಂದಾಜು ಹಾಕುತ್ತಾರೆ. ಸೂಜಿಗಳು ಕಾಗದಕ್ಕೆ ಬಡಿಯುವುದರಿಂದ ಕಾರ್ಬನ್ ಪ್ರತಿಯೂ ಮೂಡುತ್ತದೆ. ಈ ಒಂದು ಗುಣಕ್ಕಾಗಿ ಸಾರಿಗೆ ಕಚೇರಿ, ಗೋದಾಮುಗಳಲ್ಲಿ ಅವು ಇನ್ನೂ ಉಸಿರಾಡುತ್ತಿವೆ. 1990ರ ದಶಕದ ಕೊನೆಗೆ ಮನೆಗಳಿಗೆ ಕಂಪ್ಯೂಟರ್ ಬಂತು, 1998ರಲ್ಲಿ ಬರಹ ಎಂಬ ತಂತ್ರಾಂಶ ಬಂದು ಮನೆಯಲ್ಲೇ ಕನ್ನಡ ಟೈಪ್ ಮಾಡುವುದು ಸುಲಭವಾಯಿತು. ಜೊತೆಗೆ ಬಣ್ಣದ ಇಂಕ್‌ಜೆಟ್ಟೂ ಬಂತು. ಗೃಹಪ್ರವೇಶದ ಕರೆಯೋಲೆಯನ್ನು ಮನೆಯಲ್ಲೇ ಬಣ್ಣದಲ್ಲಿ ತೆಗೆಯುವ ಸಂಭ್ರಮ ಎರಡನೇ ಕಾರ್ಟ್ರಿಜ್ ಕೊಳ್ಳುವವರೆಗೆ ಇರುತ್ತಿತ್ತು. ಯಂತ್ರ ಅಗ್ಗ, ಇಂಕ್ ದುಬಾರಿ ಎಂಬುದು ಅಂಗಡಿಯ ಕೌಂಟರಿನಲ್ಲಿ ತಿಳಿಯುತ್ತಿತ್ತು.

ಎಷ್ಟು ದುಬಾರಿ? ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2013ರಲ್ಲಿ ಲೆಕ್ಕ ಹಾಕಿದಾಗ ಒಂದು ಔನ್ಸ್, ಅಂದರೆ ಸುಮಾರು 30 ಮಿಲಿಲೀಟರ್ ಇಂಕಿಗೆ 13ರಿಂದ 75 ಡಾಲರ್ ಬೀಳುತ್ತಿತ್ತು. ಅದಕ್ಕಿಂತ ಕಣ್ಣು ತೆರೆಸುವ ಮಾತು ಅದೇ ಪರೀಕ್ಷೆಯಲ್ಲಿ ಕಂಡುಬಂತು: ಅಪರೂಪಕ್ಕೆ ಬಳಸುವ ಪ್ರಿಂಟರುಗಳಲ್ಲಿ ಹಲವು, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಇಂಕನ್ನು ಹಾಳೆಗೆ ಹಾಕದೆ ಹೆಡ್ ತೊಳೆಯಲು ಸುರಿಯುತ್ತಿದ್ದವು. ಒಣಗಬಾರದೆಂಬ ಜಾಗ್ರತೆಯ ಖರ್ಚು ಅದು, ತೆರುವವರು ಗ್ರಾಹಕರು. ತೊಳೆದ ಇಂಕ್ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕೆಂದರೆ ಪ್ರಿಂಟರಿನ ತಳ ಬಿಚ್ಚಬೇಕು. ಅಲ್ಲಿ ದಪ್ಪ ಬಟ್ಟೆಯಂಥ ಪ್ಯಾಡು, ಕಪ್ಪುಗಟ್ಟಿ ಒದ್ದೆಯಾಗಿ ಕೂತಿರುತ್ತದೆ. ಅದು ತುಂಬಿತು ಎಂದು ಯಂತ್ರದ ಲೆಕ್ಕ ಹೇಳಿದ ದಿನ ಮುದ್ರಣವೇ ನಿಲ್ಲುವ ಮಾಡೆಲ್‌ಗಳಿವೆ.

ಈ ಬೆಲೆಯೇ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಇನ್ನೊಂದು ಕಸುಬನ್ನು ಹುಟ್ಟಿಸಿತು. ಸಿರಿಂಜ್, ನಾಲ್ಕು ಬಾಟಲಿ ಬಣ್ಣ, ಒಂದು ಟಿಶ್ಯೂ ಪೇಪರ್ ಇದ್ದರೆ ರೀಫಿಲ್ ಅಂಗಡಿ. ಕಾರ್ಟ್ರಿಜ್‌ನ ಮೇಲಿನ ಲೇಬಲ್ ಕಿತ್ತರೆ ಕೆಳಗೆ ಗಾಳಿಯ ತೂತು. ಅದರಲ್ಲಿ ಸೂಜಿ ಇಳಿಸಿ ಒಳಗಿನ ಸ್ಪಂಜು ಕುಡಿದಷ್ಟು ಇಂಕ್ ತುಂಬುತ್ತಾರೆ. ಬಳಿಕ ಕೆಳಮುಖ ಮಾಡಿ ಟಿಶ್ಯೂವಿಗೆ ಒತ್ತಿ ಹಿಡಿಯುತ್ತಾರೆ. ಬಣ್ಣದ ಗೆರೆಗಳು ಬೇರೆಬೇರೆಯಾಗಿ ಮೂಡಿದರೆ ಸರಿ, ಮೂಡದಿದ್ದರೆ ಬಿಸಿನೀರಿನಲ್ಲಿ ಅದ್ದುತ್ತಾರೆ. ಥಿಂಕ್‌ಜೆಟ್ ಬಳಸಿದವರು ಪೆನ್ಸಿಲ್ಲಿನಿಂದ ಮಾಡಿದ ಕೆಲಸವನ್ನೇ ಇವರು ಸಿರಿಂಜಿನಿಂದ ಮಾಡಿದರು. ಬಿಸಾಡಲೆಂದು ಮಾಡಿದ ಹೆಡ್ಡನ್ನು ಐದಾರು ಸಲ ಬದುಕಿಸಿದ ಈ ಕೈಗಳಿಗೆ ಇಂಕ್‌ಜೆಟ್‌ನ ಚರಿತ್ರೆ ಬರೆದವರು ಸಾಕಷ್ಟು ಜಾಗ ಕೊಟ್ಟಿಲ್ಲ. ಕಂಪನಿಗಳು ಚಿಪ್ ಕೂರಿಸಿ ಇದನ್ನು ತಡೆಯಲು ನೋಡಿದವು. 2016ರ ಸೆಪ್ಟೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನ, ಅಂದರೆ ಇಂದಿನ ಎಚ್‌ಪಿಯ, ಅನೇಕ ಪ್ರಿಂಟರುಗಳು ಏಕಾಏಕಿ ಹೊರಗಿನ ಕಾರ್ಟ್ರಿಜ್‌ಗಳನ್ನು ನಿರಾಕರಿಸಿದಾಗ ಜಗತ್ತಿನಾದ್ಯಂತ ಗದ್ದಲವೆದ್ದಿತು. ಇಂಥ ನಿರ್ಬಂಧಗಳನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲವೆಂದು 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆ ಕಂಪನಿಗೆ 1 ಕೋಟಿ ಯೂರೊ ದಂಡ ಹಾಕಿತು.

ಏಷ್ಯಾದ ಬೀದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಿಂಟರಿನ ಪಕ್ಕಕ್ಕೆ ಪ್ಲಾಸ್ಟಿಕ್ ಟ್ಯಾಂಕು ಕಟ್ಟಿ, ಸಣ್ಣ ಪೈಪಿನಲ್ಲಿ ಹೆಡ್ಡಿಗೆ ಇಂಕ್ ಹರಿಸುವ ಜೋಡಣೆ ಇಂಡೋನೇಷ್ಯಾದಂಥ ದೇಶಗಳಲ್ಲಿ ಮಾಮೂಲಾಯಿತು. ಅದನ್ನು ಹತ್ತಿಕ್ಕುವ ಬದಲು ಎಪ್ಸನ್ ನಕಲು ಮಾಡಿತು: 2010ರಲ್ಲಿ ಕಂಪನಿಯದೇ ಟ್ಯಾಂಕಿನ ಎಲ್ ಸರಣಿ ಮೊದಲು ಬಿಡುಗಡೆಯಾದದ್ದು ಇಂಡೋನೇಷ್ಯಾದಲ್ಲೇ. ಮರುವರ್ಷ ಭಾರತಕ್ಕೆ ಬಂತು.  ಕ್ಯಾನನ್, ಎಚ್‌ಪಿ ಕೂಡ ಕೆಲವೇ ವರ್ಷಗಳಲ್ಲಿ ಅದೇ ದಾರಿಗೆ ಬಂದವು. ಕೆಲವೇ ಮಿಲಿಲೀಟರ್ ಹಿಡಿಯುವ ಡಬ್ಬಿಯ ಜಾಗದಲ್ಲಿ 70 ಮಿಲಿಲೀಟರ್ ಬಾಟಲಿ. ಇಂಕಿನ ಬೆಲೆ ಕುಸಿಯಿತು, ಯಂತ್ರದ ಬೆಲೆ ಏರಿತು. ಕಾರ್ಟ್ರಿಜ್‌ನ ಹೆಡ್ ಕಟ್ಟಿಕೊಂಡರೆ ಹೋಗುತ್ತಿದ್ದದ್ದು ಒಂದು ಕಾರ್ಟ್ರಿಜ್‌ನ ದುಡ್ಡು. ಹೆಡ್ ಯಂತ್ರದಲ್ಲೇ ಕೂತಿರುವ ಟ್ಯಾಂಕ್ ಪ್ರಿಂಟರಿನಲ್ಲಿ ಹೆಡ್ ಹೋದರೆ ಯಂತ್ರದ ಬೆಲೆಯ ದೊಡ್ಡ ಪಾಲೇ ಹೋಯಿತು. ಒಣಗುವ ಭಾರ ಮತ್ತೆ ಗ್ರಾಹಕರ ಹೆಗಲಿಗೇ ಬಂದು ಕೂತಿತು.

ಈ ಚರಿತ್ರೆ ಗೊತ್ತಿದ್ದರೆ ರಾತ್ರಿ ಒಂಬತ್ತರ ಖಾಲಿ ಹಾಳೆಯನ್ನು ಓದುವುದು ಕಷ್ಟವಲ್ಲ. ಮೊದಲು ತಿಳಿಯಬೇಕಾದದ್ದು, ಮನೆಯ ಇಂಕ್‌ಜೆಟ್ ಸಾಮಾನ್ಯವಾಗಿ ಕುರುಡು. ಹನಿ ಹೊರಬಿತ್ತೇ ಇಲ್ಲವೇ ಎಂದು ಅದು ನೋಡುವುದಿಲ್ಲ, ಎಷ್ಟು ಸಲ ಹೊಡೆಯಲು ಆಜ್ಞೆ ಹೋಯಿತು ಎಂದು ಎಣಿಸುತ್ತದೆ. ಪರದೆಯ ಮೇಲೆ ಇಂಕ್ ಅರ್ಧ ಇದೆ ಎಂದು ತೋರಿಸುವ ಚಿತ್ರ ಬಹುಪಾಲು ಈ ಎಣಿಕೆಯ ಅಂದಾಜು. ರಂಧ್ರ ಕಟ್ಟಿಕೊಂಡಿದ್ದರೂ ಎಣಿಕೆ ಸಾಗುತ್ತದೆ. ಅದಕ್ಕೇ ಖಾಲಿ ಹಾಳೆ ದೂರಿಲ್ಲದೆ ಹೊರಬರುವುದು.

ಸ್ಕ್ಯಾನರ್ ಇರುವ ಯಂತ್ರವಾದರೆ ಕಂಪ್ಯೂಟರನ್ನು ಬದಿಗಿಟ್ಟು ಅದರ ಮೇಲೆಯೇ ಒಂದು ಜೆರಾಕ್ಸ್ ತೆಗೆದು ನೋಡುವುದು ರಿಪೇರಿಯವರ ಮೊದಲ ಹೆಜ್ಜೆ. ಜೆರಾಕ್ಸ್ ಸರಿಯಾಗಿ ಬಂದರೆ ಇಂಕಿಗೂ ಹೆಡ್ಡಿಗೂ ದೋಷವಿಲ್ಲ. ಫೈಲಿನಲ್ಲೋ ಡ್ರೈವರಿನಲ್ಲೋ ಕಂಪ್ಯೂಟರಿನ ಕಡೆ ಹುಡುಕಬೇಕು. ಅದೂ ಖಾಲಿ ಬಂದರೆ ನಾಜಲ್ ಚೆಕ್, ಅಂದರೆ ಯಾವ ರಂಧ್ರಗಳು ಹೊಡೆಯುತ್ತಿವೆ ಎಂದು ತೋರಿಸುವ ಪರೀಕ್ಷೆಯ ಹಾಳೆ. ಹೊಸ ಕಾರ್ಟ್ರಿಜ್ ಹಾಕಿದ ದಿನವೇ ಹೀಗಾಗಿದ್ದರೆ ಹತ್ತರಲ್ಲಿ ಹಲವು ಸಲ ಕಾರಣ ಟೇಪು: ಸಾಗಾಟದಲ್ಲಿ ಒಣಗದಿರಲೆಂದು ಕೆಲವು ಕಂಪನಿ ರಂಧ್ರದ ಮೇಲೆ, ಕೆಲವು ಗಾಳಿಯ ತೂತಿನ ಮೇಲೆ ಅಂಟಿಸಿರುತ್ತವೆ. ತೂತಿನ ಟೇಪು ಕೀಳದಿದ್ದರೆ ಒಳಗೆ ನಿರ್ವಾತ ಕಟ್ಟಿ, ಮೊದಲ ಒಂದೆರಡು ಹಾಳೆ ಚೆನ್ನಾಗಿ ಬಂದು ಆಮೇಲೆ ಇಂಕ್ ನಿಲ್ಲುತ್ತದೆ. ಟ್ಯಾಂಕ್ ಪ್ರಿಂಟರನ್ನು ಮನೆ ಬದಲಿಸುವಾಗ ಅಡ್ಡ ಮಲಗಿಸಿ ತಂದಿದ್ದರೆ ಪೈಪಿಗೆ ಗಾಳಿ ಹೊಕ್ಕಿರಬಹುದು. ಸಾಗಾಟದ ವಾಲ್ವ್ ಇರುವ ಮಾಡೆಲ್ ಆದರೆ ಅದು ಮುಚ್ಚಿಯೇ ಉಳಿದಿರಬಹುದು.

ಇವೆಲ್ಲ ಸರಿಯಿದ್ದರೆ ಒಣಗಿದೆ ಎಂದೇ ಅರ್ಥ. ಆಗ ಹೆಡ್ ಕ್ಲೀನಿಂಗ್ ಒತ್ತಬೇಕು, ಒಂದೆರಡು ಸಲ. ಸಿಟ್ಟಿನಲ್ಲಿ ಹತ್ತು ಸಲ ಒತ್ತಿದರೆ ಇಂಕ್ ತಳದ ಪ್ಯಾಡಿಗೆ ಹೋಗುತ್ತದೆ, ಹೆಡ್ಡಿಗೆ ಗಾಳಿ ಹೊಕ್ಕರೂ ಹೊಕ್ಕೀತು. ಆರೇಳು ಗಂಟೆ ಬಿಟ್ಟರೆ ಒಣಗಿದ್ದು ಹೊಸ ಇಂಕಿನಲ್ಲಿ ನೆನೆದು ಬಿಡುತ್ತದೆ, ಎಷ್ಟೋ ಸಲ ಬೆಳಿಗ್ಗೆ ತಾನಾಗಿ ಮುದ್ರಿಸುತ್ತದೆ. ಹೆಡ್ ಇರುವ ಕಾರ್ಟ್ರಿಜ್ ಆದರೆ ಬಿಸಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯ ಮೇಲೆ ಕೆಲ ನಿಮಿಷ ಕೂರಿಸಿ ಒತ್ತಿದರೆ ಸಾಕು.

ರಂಧ್ರ ಒಣಗದಂತೆ ಕಾಯುವುದನ್ನು ಫ್ಲೆಕ್ಸ್ ಅಂಗಡಿಯವರಲ್ಲಿ ನೋಡಬೇಕು. ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ದೊಡ್ಡ ಯಂತ್ರಗಳೂ ಎಪ್ಸನ್ನಿನಂತೆ ಪೀಜೋ ವಂಶದವು.  ಆ ಅಂಗಡಿಯ ಆಪರೇಟರುಗಳಿಗೆ ಒಣಗುವ ವಿಷಯದಲ್ಲಿ ಭ್ರಮೆಯಿಲ್ಲ. ರಾತ್ರಿ ಬಾಗಿಲು ಹಾಕುವ ಮುನ್ನ ದ್ರಾವಕದಲ್ಲಿ ನೆನೆಸಿದ ಸ್ಪಂಜನ್ನು ಹೆಡ್ಡಿನ ಕೆಳಗೆ ಇಡುತ್ತಾರೆ, ಬೆಳಿಗ್ಗೆ ಮೊದಲ ಕೆಲಸ ನಾಜಲ್ ಚೆಕ್. ಮನೆಯವರು ಮಾಡುವುದು ಇದರ ವಿರುದ್ಧ. ಪ್ರಿಂಟರಿನ ಗುಂಡಿ ಒತ್ತದೆ ಗೋಡೆಯ ಸ್ವಿಚ್ ಆರಿಸುತ್ತಾರೆ, ಅಥವಾ ಮುದ್ರಣದ ನಡುವೆ ಕರೆಂಟು ಹೋಗುತ್ತದೆ. ಹೆಡ್ ಮುಚ್ಚಳದ ಮೂಲೆಗೆ ಮರಳದೆ ದಾರಿಯ ಮಧ್ಯೆ ಬಾಯಿ ತೆರೆದು ನಿಲ್ಲುತ್ತದೆ. ರಂಧ್ರದ ಅಗಲ ಇಂದು ಸುಮಾರು 20 ಮೈಕ್ರಾನ್, ತಲೆಗೂದಲಿನ ಮೂರನೆಯ ಒಂದು ಪಾಲು. ಕಲಬುರಗಿ, ರಾಯಚೂರಿನ ಏಪ್ರಿಲ್ ಗಾಳಿಗೆ ಅಷ್ಟನ್ನು ಮುಚ್ಚಲು ಹೆಚ್ಚು ದಿನ ಬೇಡ.

ಆದ್ದರಿಂದ ಇಂಕ್‌ಜೆಟ್ ಇಟ್ಟುಕೊಂಡವರು ಪ್ರಿಂಟರಿನ ಗುಂಡಿಯಿಂದಲೇ ಆರಿಸಿ, ಮೂಲೆಯ ಸದ್ದು ನಿಂತ ಮೇಲೆ ಗೋಡೆಯ ಸ್ವಿಚ್ ಮುಟ್ಟಲಿ. ವಾರಕ್ಕೊಮ್ಮೆ ಎಲ್ಲ ಬಣ್ಣವಿರುವ ಒಂದು ಹಾಳೆ ತೆಗೆಯಲಿ. ಮಕ್ಕಳ ಪ್ರಾಜೆಕ್ಟು, ಆಫೀಸಿನ ಕಾಗದ ಎಂದು ದಿನವೂ ಕೆಲಸವಿರುವ ಮನೆಗೆ ಟ್ಯಾಂಕ್ ಪ್ರಿಂಟರ್ ಒಳ್ಳೆಯ ಖರೀದಿ. ಎರಡು ತಿಂಗಳಿಗೊಮ್ಮೆ ಆಧಾರ್ ಪ್ರತಿ ಬೇಕಾಗುವ ಮನೆಗೆ ಇಂಕ್‌ಜೆಟ್ ಬೇಡವೇ ಬೇಡ. ಒಣಗುವ ಇಂಕೇ ಇಲ್ಲದ, ಪುಡಿ ಬಳಸುವ ಕಪ್ಪು ಬಿಳುಪು ಲೇಸರ್ ಕೊಳ್ಳಬಹುದು, ಇಲ್ಲವೇ ಬೀದಿಯ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಕಳಿಸಬಹುದು.